ಜುಲೇಖಾಳ ಮನೆಗೆ ಕೇಬಲ್ ಬಂದದ್ದು

ಖಾನಾಪುರದ ಹತ್ತಿರದ ಬೀಡಿ ಊರಿನ ಜುಲೇಖಾ ಬ್ಲೌಸ್ ಹೊಲಿದು ಮನೆ ನಡೆಸುವ ಹೆಂಗಸು. ಅವಳಿಗೆ ಚೆಸ್ ಕಲಿಸಿದವರು ತಂದೆ ಸರದಾರಸಾಬ. ಬೆಳಗಾವಿಯ ಶಹಾಪುರದಲ್ಲಿ ಮಗ್ಗದ ಕೆಲಸಕ್ಕಿದ್ದ ಅವರು ಮಧ್ಯಾಹ್ನದ ಬಿಡುವಿನಲ್ಲಿ ಮಗಳನ್ನು ಎದುರು ಕೂರಿಸಿಕೊಂಡು ಆಡುತ್ತಿದ್ದರು. ಮದುವೆಯಾಗಿ ಬೀಡಿಗೆ ಬಂದ ಮೇಲೆ ಜೊತೆಗೆ ಆಡುವವರೇ ಸಿಗಲಿಲ್ಲ. ಇಪ್ಪತ್ತು ವರ್ಷಗಳ ನಂತರ, ಮಗಳು ಕೈನಾತ ಮೊಬೈಲಿನಲ್ಲಿ ಆಟ ತೆರೆದು ತೋರಿಸಿದಳು. ವರ್ಷ ತುಂಬುವುದರೊಳಗೆ ಜುಲೇಖಾ ಆನ್‌ಲೈನ್ ಸ್ಪರ್ಧೆಗಳಿಗೆ ಹೆಸರು ಕೊಡತೊಡಗಿದಳು.

ಆದರೆ ಮನೆಯಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಮಹಿಳೆಯರ ಸ್ಪರ್ಧೆಯೊಂದರ ಸೆಮಿಫೈನಲ್‌ನಲ್ಲಿ ಗೆಲುವಿಗೆ ಎರಡೇ ನಡೆ ಬಾಕಿಯಿದ್ದಾಗ ಪರದೆ ಹಾಗೇ ನಿಂತುಬಿಟ್ಟಿತು. ಫೋನ್ ಹಿಡಿದು ಅಂಗಳಕ್ಕೆ, ಅಲ್ಲಿಂದ ರಸ್ತೆಗೆ ಓಡಿದಳು. ಸಿಗ್ನಲ್ ಬರುವಷ್ಟರಲ್ಲಿ ಅವಳ ಸಮಯ ಮುಗಿದು ಸೋಲು ದಾಖಲಾಗಿತ್ತು.

ಮುಂದಿನ ಸ್ಪರ್ಧೆಗೆ ಶಹಾಪುರದ ತಮ್ಮ ಇಶ್ತಿಯಾಕನ ಮನೆಯಲ್ಲಿ ಕೂತು ಆಡೋಣವೆಂದು ಬಸ್ ಹತ್ತಿದಳು. ಬಸ್ಸು ಖಾನಾಪುರದಲ್ಲೇ ಕೆಟ್ಟು ನಿಂತಿತು. ಮೊದಲ ಸುತ್ತು ತಪ್ಪಿತು. ಅಳುವಷ್ಟು ಸಿಟ್ಟು ಬಂದಿತ್ತು. ಅದೇ ಸಿಟ್ಟಿನಲ್ಲಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಇಂಟರ್ನೆಟ್ ಕಚೇರಿಯ ಮೆಟ್ಟಿಲು ಹತ್ತಿದಳು.

ಅಲ್ಲಿದ್ದ ವಿನೀತ ಎಂಬ ತರುಣ ಕಂಪ್ಯೂಟರಿನಲ್ಲಿ ನೋಡಿ, ಫೈಬರ್ ಕೇಬಲ್ ಬೀಡಿಯ ಮುಖ್ಯ ರಸ್ತೆಯವರೆಗೆ ಬಂದಿದೆಯೆಂದೂ ಓಣಿಯಲ್ಲಿ ಐದು ಮನೆಯವರು ಒಪ್ಪಿದರೆ ಒಳಗೆ ಎಳೆಯಬಹುದೆಂದೂ ಹೇಳಿದ. ಜುಲೇಖಾ ಹೊಲಿದ ಬಟ್ಟೆ ಕೊಡಲು ಹೋದಲ್ಲೆಲ್ಲ ಇದೇ ಮಾತೆತ್ತಿದಳು. ಸಾಲಿ ಟೀಚರ್ ಪೂರ್ಣಿಮಾ ಮೊದಲು ಒಪ್ಪಿದರು. ಹತ್ತು ದಿನಗಳಲ್ಲಿ ಐದು ಮನೆ ಕೂಡಿದವು.

ಆದರೆ ಕೇಬಲ್ ಹಾದುಬರಬೇಕಾದದ್ದು ಭರಮಣ್ಣನ ಹಂಚಿನ ಮನೆಯ ಮೇಲೆ. ಮುದುಕ ಸುತರಾಂ ಒಪ್ಪಲಿಲ್ಲ.

"ಹೋದ ಸಲ ಡಿಶ್ ಹಾಕಾಕ ಬಂದವ್ರು ಹಂಚು ಒಡದು ಹೋದ್ರವಾ. ಮಳಿಗಾಲ ಪೂರ್ತಿ ಮನ್ಯಾಗ ಬುಟ್ಟಿ ಇಟಗೊಂಡು ಕುಂತೇವಿ."

"ಅವ್ರು ಏರಿದಾಗ ನಾನೂ ಏರ್ತೀನಿ ಕಾಕಾ," ಎಂದಳು ಜುಲೇಖಾ. "ಒಂದ ಹಂಚು ಒಡದ್ರೂ ಸಂಜಿಯೊಳಗ ಹೊಸಾದು ಹಾಕಸ್ತೀನಿ."

ಆ ಮಾತಿಗೆ ಮುದುಕ ಒಪ್ಪಿದ. ಹೇಳಿದಂತೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಕೇಬಲ್ ಎಳೆಯಲು ಬಂದ ವಿನೀತನಿಗೆ ಎಲ್ಲಿ ಕಾಲಿಡಬೇಕೆಂದು ತೋರಿಸುತ್ತ, ತೊಲೆಯ ಗುಂಟ ಅವನನ್ನು ನಡೆಸಿದಳು. ಎರಡು ಹಂಚು ಬಿರಿದವು. ಸಂಜೆಗೆ ಬದಲಿ ಹಂಚು ಕೂತಿದ್ದವು. ಜೊತೆಗೆ ಹಳೆಯ ಸೋರುವ ಜಾಗವೊಂದನ್ನೂ ಸರಿಮಾಡಿಸಿದ್ದಳು. ಭರಮಣ್ಣ ಹೆಂಡತಿಯನ್ನು ಕರೆದು ಎಲ್ಲರಿಗೂ ಚಹಾ ಮಾಡಿಸಿದ.

ಮುಂದಿನ ಭಾನುವಾರ ಜುಲೇಖಾ ಹೊಲಿಗೆ ಯಂತ್ರವನ್ನು ಬಾಜುಕ ಸರಿಸಿ, ಮಗಳ ಲ್ಯಾಪ್‌ಟಾಪ್ ಮುಂದೆ ಕೂತು ಏಳು ಸುತ್ತು ಆಡಿದಳು. ಒಮ್ಮೆಯೂ ಸಂಪರ್ಕ ಕಡಿಯಲಿಲ್ಲ. ಐದು ಗೆದ್ದು, ಒಂದನ್ನು ಸಮ ಮಾಡಿಕೊಂಡಳು. ಕೊನೆಯದರಲ್ಲಿ ಕುದುರೆಯನ್ನು ತಪ್ಪು ಮನೆಗೆ ನಡೆಸಿ ಸೋತಳು. ಕೈನಾತ ಸಮಾಧಾನ ಹೇಳಲು ಬಂದರೆ ತಾಯಿ ನಗುತ್ತಿದ್ದಳು.

"ಈ ಸಲ ಖರೇನ ಸೋತೀನಿ ನೋಡ," ಎಂದಳು. "ಎಲ್ಲಿ ತಪ್ಪಿದೆ ಅನ್ನೂದೂ ಗೊತ್ತಾತು."

ನಾಲ್ಕನೆಯ ಸ್ಥಾನ ಬಂತು. ಮುಂದಿನ ಹಂತಕ್ಕೆ ಆರು ಜನರನ್ನು ಆರಿಸಿದ್ದರು. ಈಗ ಪೂರ್ಣಿಮಾ ಟೀಚರ್ ಸಾಲಿಯ ಎಂಟು ಹುಡುಗಿಯರನ್ನು ಪ್ರತಿ ಶನಿವಾರ ಅವಳ ಬಳಿಗೆ ಆಟ ಕಲಿಯಲು ಕಳಿಸುತ್ತಾರೆ. ಭರಮಣ್ಣನ ಮೊಮ್ಮಗಳೂ ಅವರಲ್ಲೊಬ್ಬಳು.