ಡೊರೊತಿ ಓದಿದ ಕೆಮಿಸ್ಟ್ರಿ

ಕಳೆದ ತಿಂಗಳು ಟೆಕ್ಸಸ್‌ನಲ್ಲಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ನಮ್ಮ ಮನೆಗೆ ಯೂನಿವರ್ಸಿಟಿಯಿಂದ ಒಂದು ತೆಳು ಲಕೋಟೆ ಬಂತು. ತೆಳು ಅಂದರೆ ಸೀಟಿಲ್ಲ ಅಂತ ಅರ್ಥ. (ಸೀಟು ಕೊಡುವವರು ದಪ್ಪ ಲಕೋಟೆ ಕಳಿಸುತ್ತಾರೆ.) ಮಗಳು ಅನಘಾ ಓದಿ, ಮಡಚಿಟ್ಟು, ರೂಮಿಗೆ ಹೋದಳು. ಸುಮ್ಮನಿರಲಾರದವಳು ನಾನು.

ಬಣ್ಣ ನೋಡಿ ಸೀಟು ಕೊಡಕೂಡದು ಎಂದು ಕೋರ್ಟು ಹೇಳಿದ ಮೇಲೆ ಟೆಕ್ಸಸ್‌ನಲ್ಲಿ ಹೋದ ವರ್ಷ, 1997ರಲ್ಲಿ, ಬೇರೆ ಕಾನೂನು ಬಂದಿದೆ. ಯಾವುದೇ ಹೈಸ್ಕೂಲಾಗಲಿ, ಮೊದಲ ಹತ್ತು ಪರ್ಸೆಂಟ್ ಮಕ್ಕಳಿಗೆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಖಾತ್ರಿ. ಅನಘಾಳ ಸ್ಕೂಲಿನ ತುಂಬ ಇಂಜಿನಿಯರುಗಳ ಮಕ್ಕಳು. ಇವಳು ಸ್ವಲ್ಪದರಲ್ಲಿ ಹೊರಗುಳಿದಳು. ಕರಿಯರೇ ಹೆಚ್ಚಿರುವ ಈಸ್ಟ್ ಆಸ್ಟಿನ್‌ನ ಸ್ಕೂಲಿನಿಂದ ಇವಳಿಗಿಂತ ಕಡಿಮೆ ಸ್ಕೋರಿನವರು ಒಳಗೆ ಹೋದರು. ಇದು ನ್ಯಾಯವೇ?

ಆಫೀಸಿನ ಲಂಚ್ ರೂಮಿನಲ್ಲಿ ಇದನ್ನೇ ಗೊಣಗಿದೆ. ಎದುರಿಗೆ ಪೇರೋಲ್ ನೋಡಿಕೊಳ್ಳುವ ಡೊರೊತಿ ಕೂತಿದ್ದರು. ಅರವತ್ತು ದಾಟಿದ ಆಫ್ರಿಕನ್ ಅಮೆರಿಕನ್ ಹೆಂಗಸು.

"ನಾನು ಕ್ಲಾಸಿಗೇ ಫಸ್ಟ್ ಇದ್ದೆ," ಅಂದರು. "ಫಾರ್ಮಸಿ ಓದೋ ಆಸೆ. ಆಗೆಲ್ಲ ಕರಿಯರಿಗೇ ಬೇರೆ ಸ್ಕೂಲು, ಅಲ್ಲಿ ಲ್ಯಾಬ್ ಇರಲಿಲ್ಲ. ಮೇಷ್ಟ್ರು ಬೋರ್ಡ್ ಮೇಲೆ ಟೆಸ್ಟ್ ಟ್ಯೂಬಿನ ಚಿತ್ರ ಬರೀತಿದ್ದರು, ನಾವು ನೋಡಿಕೊಂಡು ಬರೀತಿದ್ದೆವು. ಬಿಳಿಯರ ಸ್ಕೂಲಿನಲ್ಲಿ ಲ್ಯಾಬಿತ್ತು. ಅದನ್ನು ಗುಡಿಸ್ತಿದ್ದವಳು ನಮ್ಮಮ್ಮ. ಒಂದಿನ ಬಾಯಿ ಒಡೆದ ಟ್ಯೂಬೊಂದನ್ನು ಕಸದಿಂದ ಎತ್ತಿಕೊಂಡು ಬಂದಳು. ಅದೇ ನಮ್ಮ ಇಡೀ ಕ್ಲಾಸಿನ ಲ್ಯಾಬು."

"ಆಮೇಲೆ?"

"ಕಾಲೇಜಿನ ಮೊದಲ ಪ್ರಾಕ್ಟಿಕಲ್‌ನಲ್ಲಿ ಟ್ಯೂಬು ಹಿಡಿಯೋದು ಹೇಗೆ ಅಂತಲೇ ಗೊತ್ತಿರಲಿಲ್ಲ. ಫೇಲಾದೆ. ಫಾರ್ಮಸಿ ಅಲ್ಲಿಗೇ ನಿಂತಿತು." ಡೊರೊತಿ ಸೇಬು ಹೆಚ್ಚಿ ನನ್ನತ್ತ ಒಂದು ಹೋಳು ಸರಿಸಿದರು. "ನನ್ನ ಜೊತೆ ಓದಿದವರ ಮೊಮ್ಮಕ್ಕಳೇ ಈಗ ನೀನು ಹೇಳಿದ ಆ ಸ್ಕೂಲಿನಲ್ಲಿರೋದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾದ ಮಾಡಬಹುದಿತ್ತು.

ಮನೆಗೆ ಬಂದು ಅನಘಾಳಿಗೆ ಹೇಳಿದೆ. "ಅಮ್ಮಾ, ನಮ್ಮ ಸ್ಕೂಲಲ್ಲಿ ಕೆಮಿಸ್ಟ್ರಿಗೇ ಮೂರು ಲ್ಯಾಬ್ ಇದೆ," ಅಂದಳು, ಇಂಗ್ಲಿಷಿನಲ್ಲಿ. (ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಇಂಗ್ಲಿಷೇ.)

ಈಗ ಅವಳಿಗೆ ಡಲ್ಲಾಸ್‌ನ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಹೊರಡುವವರೆಗೆ ಪ್ರತಿ ಶನಿವಾರ ಡೊರೊತಿಯವರ ಚರ್ಚಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ಯಾರೂ ಹೇಳಿದ್ದಲ್ಲ, ಅವಳೇ ಕೇಳಿಕೊಂಡು ಹೋದಳು. ಮೊನ್ನೆ ಕೊನೇ ಸಾಲಿನಲ್ಲಿದ್ದ ಡೊರೊತಿ ಎದ್ದು ಬಂದು ತಾವೇ ಟ್ಯೂಬು ಹಿಡಿದರಂತೆ.

ಇಷ್ಟಾದ ಮೇಲೆ ನನಗೆ ರತ್ನಾ ನೆನಪಾದಳು. ಮೈಸೂರಿನಲ್ಲಿ ನನ್ನ ಜೊತೆ ಓದಿದವಳು. ಅವಳಿಗೆ ಕೇಳಿಸುವ ಹಾಗೇ "ಕೋಟಾ ಕ್ಯಾಂಡಿಡೇಟ್" ಅಂತಿದ್ದೆವು. ಅವಳು ಎಲ್ಲಿಂದ, ಏನೆಲ್ಲ ದಾಟಿ ಬಂದಳು ಅಂತ ಒಬ್ಬರೂ ಕೇಳಲಿಲ್ಲ. ಈಗ ಹಾಸನದಲ್ಲಿ ಲೆಕ್ಚರರ್. ನಂಬರ್ ಹುಡುಕಿ ಫೋನ್ ಮಾಡಿ, ತಪ್ಪಾಯ್ತು ಅಂದೆ. ಆ ಕಡೆ ರತ್ನಾ ನಕ್ಕಳು.

"ಅಲ್ವೇ, ಇಷ್ಟು ಗೊತ್ತಾಗೋಕೆ ನೀನು ಟೆಕ್ಸಸ್‌ವರೆಗೂ ಹೋಗಬೇಕಾಯ್ತೇನೇ?"