ಗಿರಕಿ ಹೊಡೆದ ಮನೆ

ಚಾಂತೂ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಟೋನ್ಲೆ ಸಾಪ್ ಸರೋವರದ ನೀರಿನ ಮೇಲೇ. ಬೆಳಗಾದರೆ ಪುಟ್ಟ ದೋಣಿಯಲ್ಲಿ ಒಲೆ ಇಟ್ಟುಕೊಂಡು, ಮೀನಿನ ಸಾರು ಹುಯ್ದ ಅಕ್ಕಿ ಶಾವಿಗೆಯನ್ನು ತೇಲುವ ಮನೆಗಳ ಬಾಗಿಲಿಗೇ ಒಯ್ದು ಮಾರುತ್ತಿದ್ದಳು. ಹುಡುಗಿಯಾಗಿದ್ದಾಗ ಅವಳ ನಗು ನಾಲ್ಕು ಮನೆ ಆಚೆಗೂ ಕೇಳುತ್ತಿತ್ತಂತೆ. ಮಕ್ಕಳಾದ ಮೇಲೆ ಆ ಬಾಯಲ್ಲಿ ಉಳಿದದ್ದು "ಅಂಚಿಗೆ ಹೋಗ್ಬೇಡ", "ಅಲ್ಲೇ ಕೂತ್ಕೋ" ಅಷ್ಟೇ. ಆರು ವರ್ಷದ ಮಾಲಿಸ್‌ಗೆ ಈಜು ಬರುತ್ತಿತ್ತು. ಮೂರರ ತೋಲನನ್ನು ಮಾತ್ರ ಸೊಂಟಕ್ಕೆ ಬಟ್ಟೆ ಸುತ್ತಿ ನಡುಗಂಬಕ್ಕೆ ಕಟ್ಟಿಯೇ ಅವಳು ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಆ ಸಲ ಮಳೆಗಾಲ ಮುಗಿದು ನೀರು ಇಳಿಯಿತು. ಎಂದಿನಂತೆ ಊರಿಗೆ ಊರೇ ಆಳದ ನೀರಿಗೆ ಹೊರಟಿತು. ಗಂಡ ವಿಚೆತ್ ಮನೆಯನ್ನು ಹಗ್ಗದಿಂದ ಮೀನಿನ ದೋಣಿಗೆ ಬಿಗಿದು, ಇಂಜಿನ್ ಚಾಲೂ ಮಾಡಿ ಎಳೆದುಕೊಂಡು ಹೊರಟ. ಒಳಗೆ ಚಾಂತೂ ಸಾರಿಗಿಟ್ಟಳು.

ಸ್ವಲ್ಪ ಹೊತ್ತಿಗೆ ತೋಲ ಕಿರುಚಿದ. "ಅಮ್ಮಾ, ಬಿಸ್ಲು ಓಡ್ತಿದೆ!"

"ಬಿಸ್ಲು ಎಲ್ಲಾದ್ರೂ ಓಡುತ್ತಾ? ಅಲ್ಲೇ ಕೂತ್ಕೋ."

ಆದರೆ ಬಾಗಿಲಲ್ಲಿದ್ದ ಬಿಸಿಲು ಒಲೆಯ ಹತ್ತಿರ ಬಂದಿತ್ತು. ನೋಡನೋಡುತ್ತಿದ್ದಂತೆ ಹಾಸಿಗೆ ಹತ್ತಿ, ಗೋಡೆ ಸವರಿ, ಹಿತ್ತಿಲ ಬಾಗಿಲಿಗೇ ಹೋಯಿತು. ಹೊರಗೆ ಓಡಿದ ಮಾಲಿಸ್ ಕೂಗಿದಳು, "ಅಮ್ಮಾ, ಅಪ್ಪ ಇಲ್ಲ!"

ಗಂಟು ಬಿಚ್ಚಿಹೋಗಿತ್ತು. ಹಗ್ಗ ನೀರಿನ ಮೇಲೆ ಆರಾಮಾಗಿ ತೇಲುತ್ತಿತ್ತು. ವಿಚೆತ್‌ನ ದೋಣಿ ದೂರದಲ್ಲಿ ಚುಕ್ಕೆಯಷ್ಟಾಗಿತ್ತು. ಮನೆ ಗಾಳಿಗೆ ಮೆಲ್ಲಗೆ ಗಿರಕಿ ಹೊಡೆಯುತ್ತಿತ್ತು.

ಚಾಂತೂ ಗಂಟಲು ಹರಿಯುವ ಹಾಗೆ ಕೂಗಿದಳು. ಆಮೇಲೆ ಪಾತ್ರೆ ಮುಚ್ಚಳ ಬಡಿದಳು. ಮಾಲಿಸ್ ಸೌಟು ಹಿಡಿದು ಬೋಗುಣಿ ಬಡಿದಳು. ಕಂಬದ ಬುಡದಲ್ಲಿ ತೋಲ ತಟ್ಟೆ ಬಡಿದ. ಅಷ್ಟರಲ್ಲಿ, ಮಗನ ದೋಣಿ ಎಳೆಯುತ್ತಿದ್ದ ನೆರೆಯ ಸಾರೆಂ ಅಜ್ಜಿಯ ಮನೆ ಪಕ್ಕದಲ್ಲೇ ಹಾದುಹೋಯಿತು. ಅದರ ಹಿಂದೆ ತೇಲುವ ಹಂದಿಗೂಡು.

"ಎಲ್ಲಿಗೆ ಹೊರಟ್ಯೇ ಚಾಂತೂ?"

"ಗೊತ್ತಿಲ್ಲಜ್ಜಿ! ಗಂಡ ನಮ್ಮನ್ನ..." ಅನ್ನುವಷ್ಟರಲ್ಲಿ ಮನೆ ತಿರುಗಿ ಅಜ್ಜಿ ಮರೆಯಾದಳು. ಚಾಂತೂ ಅಡಿಗೆ ಕಿಟಕಿಗೆ ಓಡಿ, "ಬಿಟ್ಟು ಓಡಿಹೋದ!" ಎಂದು ಮಾತು ಮುಗಿಸಿದಳು.

"ನನ್ನ ಹಂದಿಗಳ್ನ ನೋಡು, ಎಷ್ಟು ನೆಟ್ಟಗೆ ಬರ್ತಿವೆ! ಮಗನ್ನ ಕಳಿಸ್ಲಾ?"

ಉತ್ತರ ಹೇಳಲು ಚಾಂತೂ ಹಿತ್ತಿಲ ಬಾಗಿಲಿಗೆ ಓಡಬೇಕಾಯಿತು. "ಬೇಡಜ್ಜಿ, ಅವ್ನೇ ಬರ್ತಾ..." ಅಷ್ಟರಲ್ಲಿ ಅಜ್ಜಿಯ ಮನೆ ಮುಂದೆ ಸಾಗಿತ್ತು, ಅಲ್ಲಿ ಕಂಡದ್ದು ಬರೀ ಹಂದಿಗಳು. ಅಷ್ಟೇ, ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರಿಸಿಕೊಂಡು ನಕ್ಕಳು. ಮಕ್ಕಳು ಕೈ ನಿಲ್ಲಿಸಿ ಅಮ್ಮನನ್ನೇ ನೋಡಿದವು. ಅವಳು ತೋಲನ ಬಟ್ಟೆ ಬಿಚ್ಚಿ ಅವನನ್ನು ಎತ್ತಿಕೊಂಡು, ಮನೆ ತಿರುಗಿದ ಕಡೆಗೇ ತಾನೂ ತಿರುಗಿ ಕುಣಿದಳು.

ವಿಚೆತ್ ಇಷ್ಟು ಹೊತ್ತೂ ಹಾಡುತ್ತಾ ಹೋಗಿದ್ದ. ಹಿಂತಿರುಗಿ ನೋಡಿದರೆ ಬರೀ ನೀರು! ದೋಣಿ ತಿರುಗಿಸಿ ವಾಪಸ್ ಓಡಿ ಬಂದ.

"ಎಲ್ಲಾ ಇದೀರಾ?"

"ಇದೀವಿ. ತಾವ್ಯಾರು? ಯಾರ ಮನೆ ಬೇಕಿತ್ತು?" ಎಂದಳು ಚಾಂತೂ.

ಅವನು ಹ್ಯಾಪುಮೋರೆ ಹಾಕಿಕೊಂಡು ಹಗ್ಗ ಬಿಗಿದ. "ಅಪ್ಪಾ, ಇನ್ನೊಂದ್ಸಲ ತಿರುಗ್ಸು!" ಎಂದು ಮಕ್ಕಳು ಗೋಗರೆದವು.

"ಹುಚ್ಚೇ ನಿಮ್ಗೆ? ಒಳ್ಳೇ ಜಾಗ ಎಲ್ಲಾ ಬೇರೆಯವ್ರು ಹಿಡೀತಾರೆ."

"ಬೋಂಗ್" ಎಂದಳು ಚಾಂತೂ. ಮದುವೆಯಾದ ಹೊಸದರಲ್ಲಿ ಅವಳು ಗಂಡನನ್ನು ಹಾಗೆ ಕರೆಯುತ್ತಿದ್ದದ್ದು. "ಹಿಡೀಲಿ ಬಿಡಿ. ಒಂದೇ ಒಂದ್ಸಲ."

ಅವನು ಅವಳ ಮುಖ ನೋಡಿದ. ದೋಣಿಯನ್ನು ದೊಡ್ಡದಾಗಿ ಸುತ್ತು ಹೊಡೆಸಿದ. ಮನೆ ಗರ್ರನೆ ತಿರುಗಿತು. ಸಾರು ತುಳುಕಿತು, ತಟ್ಟೆಗಳು ಉರುಳಿದವು, ಮಕ್ಕಳು ಕೇಕೆ ಹಾಕಿದವು. ಎರಡನೆಯ ಸಲ ಯಾರೂ ಕೇಳದೆ ಅವನೇ ತಿರುಗಿಸಿದ. ಆಮೇಲೆ ನಾಲ್ವರೂ ನಡುನೀರಲ್ಲೇ ಹೊಸ್ತಿಲ ಮೇಲೆ ಕೂತು, ಕಾಲು ಇಳಿಬಿಟ್ಟು, ಉಳಿದ ಸಾರಿನಲ್ಲಿ ಶಾವಿಗೆ ಉಂಡರು.

ಅವರಿಗೆ ಸಿಕ್ಕಿದ್ದು ಸಾಲಿನ ಕಟ್ಟಕಡೆಯ ಜಾಗ. ಮರುದಿನ ವ್ಯಾಪಾರಕ್ಕೆ ದೂರ ಹುಟ್ಟು ಹಾಕಬೇಕಾಯಿತು. ಚಾಂತೂ ಮಕ್ಕಳನ್ನೂ ಕೂರಿಸಿಕೊಂಡು ಹೊರಟಳು. ಬಾಗಿಲು ಬಾಗಿಲಿಗೂ ಮಾಲಿಸ್ ಕತೆ ಹೇಳಿದಳು. ಕೊನೆಯ ಬಾಗಿಲಿಗೆ ಬರುವಷ್ಟರಲ್ಲಿ ಮನೆ ಆಕಾಶಕ್ಕೇ ಹಾರಿತ್ತು.

"ಹೌದೇನೇ ಚಾಂತೂ?" ಎಂದು ಗಿರಾಕಿ ಕೇಳಿದಳು.

ಚಾಂತೂ ಬಟ್ಟಲಿಗೆ ಸಾರು ಹುಯ್ಯುತ್ತಾ, "ಸ್ವಲ್ಪ ಹಾರ್ತು" ಎಂದಳು.