ಮಂಚದ ಮೇಲೆ ಒಣಗುವ ಕಿವಿಗಳು

ನಾನು ಕಾಲಿಟ್ಟ ಮನೆಯಲ್ಲಿ ಮಂಚದ ತುಂಬ ಕಿವಿಗಳು ಒಣಗುತ್ತಿದ್ದವು. ಬಿಳಿ ಹಾಸಿನ ಮೇಲೆ ನೂರಾರು ಪುಟ್ಟ ಕಿವಿಗಳು. ಎರಡು ವಿಮಾನ, ಒಂದು ರೈಲು ಹತ್ತಿ ಇಳಿದವಳಿಗೆ ತಲೆ ಇನ್ನೂ ತೇಲುತ್ತಿತ್ತು. ಎಲ್ಲಿಗೆ ಬಂದೆನಪ್ಪಾ ಎಂದು ಬಾಗಿಲಲ್ಲೇ ನಿಂತೆ. ಕಪ್ಪು ಬಟ್ಟೆ ತೊಟ್ಟ ಮುದುಕಿಯೊಬ್ಬಳು ಬಂದು ಒಂದು ಕಿವಿಯನ್ನೆತ್ತಿ ನನ್ನ ಅಂಗೈಯಲ್ಲಿಟ್ಟಳು. ಮೂಸಿ ನೋಡಿದೆ. ಗೋಧಿ ಹಿಟ್ಟು!

ಇಟಲಿಯ ದಕ್ಷಿಣದಲ್ಲಿ, ಸಮುದ್ರದ ಪಕ್ಕದ ಸಣ್ಣ ಊರಿದು. ಮುದುಕಿಯ ಹೆಸರು ನುನ್ಸಿಯಾ. ನಾನು ಅವಳ 'ಬದಾಂತೆ'; ಮನೆಯಲ್ಲೇ ಇದ್ದು ವಯಸ್ಸಾದವರನ್ನು ನೋಡಿಕೊಳ್ಳುವವಳನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಆ ಕಿವಿಗಳು 'ಒರೆಕ್ಕಿಯೆತ್ತೆ', ಅಂದರೆ ಪುಟ್ಟ ಕಿವಿ, ಈ ಸೀಮೆಯ ಪಾಸ್ತಾ. ಅಂಗಡಿಯ ಪೊಟ್ಟಣದ್ದನ್ನು ಅಜ್ಜಿ ಊಟವೆಂದೇ ಒಪ್ಪುವುದಿಲ್ಲ.

ನನ್ನ ತವರು ಹುಮನಾಬಾದ್, ಕೊಟ್ಟ ಮನೆ ಬಸವಕಲ್ಯಾಣ. ನನ್ನ ಇಪ್ಪತ್ತೇಳಕ್ಕೆ ಗಂಡ ತೀರಿಕೊಂಡ. ಆಮೇಲೆ ಎರಡೂ ಊರಿನ ನಡುವೆ ಬಸ್ಸಿನಲ್ಲಿ ಓಡಾಡುತ್ತಾ, ಎಲ್ಲಿಯೂ ಪೂರ್ತಿ ಇಳಿಯದವಳಂತೆ ಇದ್ದೆ. ಎಲ್ಲರೂ ಒಳ್ಳೆಯವರೇ. ಊಟಕ್ಕೆ, ಬಟ್ಟೆಗೆ ಯಾರೂ ಕಡಿಮೆ ಮಾಡಲಿಲ್ಲ. ಆದರೆ ತಂಗಿಯ ಮದುವೆಗೆ ಗವಲಿ ಹೊಸೆಯಲು ಕುಳಿತ ದಿನ ಒಂದು ಮಾತಾಯಿತು. ಗವಲಿ ನಮ್ಮ ಕಡೆಯವರಿಗೆ ಗೊತ್ತು: ರವೆಯ ಹಿಟ್ಟನ್ನು ಚಿಟಿಕೆ ಚಿಟಿಕೆ ತೆಗೆದು, ಬೆರಳ ತುದಿಯಲ್ಲಿ ಅಕ್ಕಿಕಾಳಿನಂತೆ ಹೊಸೆದು, ಒಣಗಿಸಿ, ಮದುವೆಯಲ್ಲಿ ಪಾಯಸಕ್ಕೆ ಹಾಕುತ್ತಾರೆ. ಮೊದಲು ಐದು ಜನ ಮುತ್ತೈದೆಯರು ಹೊಸೆಯಬೇಕು. ನಾನು ಮಾತಿನ ಭರದಲ್ಲಿ ಹಿಟ್ಟಿಗೆ ಕೈ ಹಾಕಿಬಿಟ್ಟೆ. ದೊಡ್ಡವ್ವ ನನ್ನ ಬೆರಳುಗಳಿಂದ ಹಿಟ್ಟನ್ನು ಮೆಲ್ಲಗೆ ಬಿಡಿಸಿಕೊಂಡಳು.

"ನೀ ಒಳಗ ಹೋಗಿ ಜರಾ ಚಾ ಇಡವ್ವ, ಲಲಿತಾ."

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವಳ ದನಿಯಲ್ಲಿದ್ದ ಮೆತ್ತನೆಯ ಪ್ರೀತಿಯೇ ನನ್ನನ್ನು ಕೊಂದಿತು. ಅವ್ವ ಪಕ್ಕದಲ್ಲೇ ಇದ್ದಳು, ತಲೆ ಎತ್ತಲಿಲ್ಲ. ಅವತ್ತು ಚಹಾ ಇಟ್ಟವಳು ಮನಸ್ಸಿನಲ್ಲೇ ಊರು ಬಿಟ್ಟಿದ್ದೆ. ಕಾಲು ಹೊರಟಿದ್ದು ಐದು ವರ್ಷದ ಮೇಲೆ.

ಇಲ್ಲಿ ಮೊದಲ ಚಳಿಗಾಲ ನಿದ್ದೆಗಣ್ಣಲ್ಲೇ ಕಳೆಯಿತು. ಸುಣ್ಣ ಬಳಿದ ಕಲ್ಲಿನ ಮನೆ, ಕಿರಿದಾದ ಓಣಿ; ಕಣ್ಣು ಅರೆ ಮುಚ್ಚಿದರೆ ಕಲ್ಯಾಣದ ಕೋಟೆಯ ಹಿಂದಿನ ಓಣಿಯೇ. ತೆರೆದರೆ ಕೊನೆಯಲ್ಲಿ ಸಮುದ್ರ. ರೊಟ್ಟಿ ಬಡಿಯುವ ಸದ್ದಿಲ್ಲದೆ ಬೆಳಗಾಗುವುದೇ ವಿಚಿತ್ರ. ಭಾಷೆಯೆಂದರೆ 'ಸೀ' ಒಂದೇ, ಹೌದು ಎಂಬುದಕ್ಕೆ. ಎಲ್ಲದಕ್ಕೂ ಸೀ ಸೀ ಎಂದು ಒಮ್ಮೆ ಮೂರು ತಟ್ಟೆ ಊಟ ಮಾಡಿದ್ದೇನೆ. ಈಗ ಅಜ್ಜಿಯ ಮಾತು ನನ್ನ ಕಿವಿಗೆ ನಮ್ಮ ಮಾತಿನಲ್ಲೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

ಪಾಸ್ತಾ ಮಾಡಲು ಯಂತ್ರ ಬೇಕು ಎಂದುಕೊಂಡಿದ್ದೆ. ಅಜ್ಜಿಯ ಹತ್ತಿರ ಇದ್ದದ್ದು ಒಂದು ಮರದ ಹಲಗೆ, ಊಟದ ಮೊಂಡು ಚಾಕು, ಹತ್ತು ಬೆರಳು. ನಮ್ಮ ಚಿರೋಟಿ ರವೆಗಿಂತ ನುಣುಪಾದ ಗಟ್ಟಿ ಗೋಧಿಯ ಹಿಟ್ಟನ್ನು ಗುಡ್ಡೆ ಹಾಕಿ, ನಡುವೆ ಗುಂಡಿ ತೋಡಿ, ಉಗುರುಬೆಚ್ಚಗಿನ ನೀರು ಬಿಡುತ್ತಾಳೆ. ಹಿಟ್ಟಿನ ಅರ್ಧದಷ್ಟು ನೀರು ಸಾಕು. ಮೊಟ್ಟೆಯಿಲ್ಲ, ಎಣ್ಣೆಯಿಲ್ಲ. ಮೊದಲು ಹಿಟ್ಟು ಪುಡಿಪುಡಿಯಾಗಿ ಹಟ ಮಾಡುತ್ತದೆ; ಅಂಗೈಯ ಬುಡದಿಂದ ಹತ್ತು ನಿಮಿಷ ನಾದಿದರೆ ದಾರಿಗೆ ಬರುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಮಲಗಿಸಬೇಕು. ಆಮೇಲೆ ಬೆರಳ ಗಾತ್ರದ ಹುರಿಯಾಗಿ ಹೊಸೆದು, ಉಗುರಿನಷ್ಟು ತುಂಡು ಮಾಡಿ, ಚಾಕುವಿನಿಂದ ಒತ್ತಿ ತನ್ನ ಕಡೆ ಎಳೆದರೆ ಅದು ಸುರುಳಿಯಾಗುತ್ತದೆ. ಹೆಬ್ಬೆರಳ ಮೇಲೆ ಮಗುಚಿ ಹಾಕಿದರೆ ಕಿವಿ. ಇದನ್ನು ಹುಮನಾಬಾದಿನ ಯಾವ ಅಡುಗೆಮನೆಯಲ್ಲೂ ಮಾಡಬಹುದು. ಚಿರೋಟಿ ರವೆಗೆ ಅಷ್ಟೇ ಗೋಧಿ ಹಿಟ್ಟು ಬೆರೆಸಿ, ಸ್ವಲ್ಪ ಹೆಚ್ಚು ಹೊತ್ತು ನೆನೆಯಲು ಬಿಡಿ.

ಒಂದು ವಸಂತದಲ್ಲಿ ಓಣಿಯ ಹುಡುಗಿಯೊಬ್ಬಳ ಮದುವೆ ಗೊತ್ತಾಯಿತು. ಅವಳೇ ಬಂದು, ಮದುವೆಯ ಪಾಸ್ತಾ ನಿನ್ನ ಕೈಯಿಂದಲೇ ಆಗಬೇಕು ಎಂದು ಅಜ್ಜಿಯನ್ನು ಕೇಳಿಕೊಂಡಳು. ನಾನು ಬೆಚ್ಚಿದೆ. ಅಜ್ಜಿಯ ಕಪ್ಪು ಬಟ್ಟೆ ಗಂಡ ಸತ್ತಾಗ ತೊಟ್ಟದ್ದು, ಮೂವತ್ತು ವರ್ಷದಿಂದ ಬದಲಾಗಿಲ್ಲ. ಇಬ್ಬರೂ ಬಿಸಿಲಿನ ಬಾಗಿಲಲ್ಲಿ ಹಲಗೆ ಇಟ್ಟುಕೊಂಡು ಕುಳಿತೆವು. ಸಮುದ್ರದ ಗಾಳಿ, ಹಿಟ್ಟಿನ ವಾಸನೆ, ಚಾಕು ಸರಸರ ಎಳೆಯುವ ಸದ್ದು. ನನಗೆ ಎಲ್ಲಿದ್ದೇನೆಂಬ ನೆನಪೇ ಹೋಯಿತು.

"ಇದ್ಯಾವ ಪಾಸ್ತಾ ಮಾಡಾಕತ್ತಿ?" ಎಂದು ಅಜ್ಜಿ ಕೇಳಿದಾಗಲೇ ನೋಡಿಕೊಂಡೆ. ನನ್ನ ಮುಂದೆ ಒಂದೂ ಕಿವಿಯಿರಲಿಲ್ಲ. ಹಿಡಿಯಷ್ಟು ಗವಲಿ ಇತ್ತು. ಬೆರಳುಗಳು ನನ್ನನ್ನು ಕೇಳದೆ ಹೊಸೆದಿದ್ದವು.

ಮದುವೆಯ ಹಿಟ್ಟೆಂದು ನೆನಪಾಗಿ ಕೈ ಹಿಂದೆ ಎಳೆದುಕೊಂಡೆ. ಯಾಕೆಂದು ಕೇಳಿದಳು. ಬರುವಷ್ಟು ಭಾಷೆಯಲ್ಲಿ ಹೇಳಿದೆ. ಅವಳಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು.

"ಸತ್ತಾಂವ ಅಂವ. ನಿನ್ನ ಬೆರಳ ಸತ್ತಾವೇನು?" ಎಂದು ಹಿಟ್ಟಿನ ಉಂಡೆಯನ್ನು ನನ್ನ ಕಡೆ ತಳ್ಳಿದಳು. "ಸುಮ್ನ ಮಾಡು. ಹಿಟ್ಟ ಒಣಗ್ತದ."

ನಾನು ಅತ್ತುಬಿಟ್ಟೆ. ಅವಳು ನೋಡದವಳಂತೆ ಕಿವಿ ಮಾಡುತ್ತಾ ಹೋದಳು.

ಈ ವರ್ಷ ಹುಮನಾಬಾದಿನಲ್ಲಿ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು, ಬದಲಿಗೆ ಬೇರೆ ಯಾರೂ ಸಿಗಲಿಲ್ಲ. ಬರಲಾಗುವುದಿಲ್ಲ ಎಂದು ಹೇಳಿದ್ದೆ. ಒಂದು ದಿನ ಅವ್ವ ಫೋನ್ ಮಾಡಿದಳು.

"ಗವಲಿ ಹೊಸಿಯಾಕ ಇಲ್ಲಿ ಯಾರಿಗೂ ಬರಂಗಿಲ್ಲವ್ವ ಈಗ, ನಮ್ಮ ಬೆರಳೂ ಓಡಂಗಿಲ್ಲ. ಮದುಮಗಳ ಅವ್ವನೇ ಅಂಗಡಿದು ತರ್ತೀನಂತಾಳ, ನಿಮ್ಮ ವೈನಿ. ನನಗ ಮನಸಿಲ್ಲ. ನೀ ಹೊಸೆದು ಕಳಸು."

"ಯವ್ವಾ, ನಾನಾ?"



"ಹೂಂ, ನೀನೇ. ಅವತ್ತ ನಾ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ."

ಯಾರೂ ಇಲ್ಲದ್ದಕ್ಕೆ ನನ್ನನ್ನು ಕೇಳುತ್ತಿದ್ದಾರೆಯೇ ಎಂಬ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಆದರೂ ನಾಲ್ಕು ದಿನ ಹೊಸೆದೆ. ಮಂಚದ ಅರ್ಧ ಭಾಗದಲ್ಲಿ ಅಜ್ಜಿ ಕುರ್ಚಿಯಲ್ಲಿ ಕುಳಿತೇ ಮಾಡಿದ ಕಿವಿಗಳು, ಇನ್ನರ್ಧದಲ್ಲಿ ನನ್ನ ಗವಲಿ ಒಣಗಿದವು. ಊರಿಗೆ ಹೊರಟಿದ್ದ ಬೀದರ್ ಕಡೆಯ ನರ್ಸ್ ಒಬ್ಬಳ ಕೈಯಲ್ಲಿ ಕಳಿಸಿದೆ.

ಮದುವೆಯ ಮರುದಿನ ಅವ್ವ ಮತ್ತೆ ಫೋನ್ ಮಾಡಿದಳು.

"ಪಾಯಸ ಉಣ್ಕೋತ ನಿಮ್ಮ ದೊಡ್ಡವ್ವ ಕೇಳಿದಳು, ಯಾರ ಕೈದು ಇದು ಅಂತ. ನಮ್ಮ ಲಲಿತಾನ ಕೈದು ಅಂದೆ. ಎಲ್ಲಾರ ಮುಂದ ಅಂದೆ."

"ಏನಂದಳು?"

"ಇನ್ನೊಂದು ಸೌಟು ಹಾಕಂದಳು."

ಇಬ್ಬರೂ ನಕ್ಕೆವು. ಅವ್ವ ಮೆಲ್ಲಗೆ, "ಈಗರೆ ಮನಿಗಿ ಬಾರವ್ವ" ಎಂದಳು.

ಅವತ್ತೇ ಆ ಹಿಟ್ಟನ್ನು ನನ್ನ ಕೈಯಲ್ಲಿ ಬಿಟ್ಟಿದ್ದರೆ ನಾನು ಮನೆ ಬಿಡುತ್ತಲೇ ಇರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಒಳಗಿನಿಂದ ಅಜ್ಜಿ, ಬೇಗ ಬಾ, ಹಿಟ್ಟು ಒಣಗುತ್ತದೆ ಎಂದು ಕೂಗುತ್ತಿದ್ದಳು. ನಾನು ಅವಳಿಗೂ ಅವ್ವನಿಗೂ ಒಂದೇ ಉಸಿರಿನಲ್ಲಿ, "ಬಂದೆ" ಎಂದೆ.